ಊದುವ ಗಾಳಿಯ ಬಿಲ್ ಕಟ್ಟುವವರು ಯಾರು?

‘ಪವರ್ ಶೇಕಡ 30 ಜಾಸ್ತಿ. ಮೈಲೇಜೂ ಜಾಸ್ತಿ. ಇಂಜಿನ್ ಬಿಚ್ಚೋದೇ ಬೇಡ, ಅರ್ಧ ಗಂಟೆಯಲ್ಲಿ ಫಿಟ್ಟಿಂಗ್.’

ಬೈಕಿಗೆ ಹಾಕಿಸುವ ಸಾಮಾನೊಂದರ ಜಾಹೀರಾತು ಇದು. ಇಷ್ಟೆಲ್ಲ ಒಳ್ಳೆಯದು ಒಂದೇ ಡಬ್ಬಿಯಲ್ಲಿ ಬಂದರೆ ನನಗೆ ಮೊದಲು ಹುಟ್ಟುವುದು ಅನುಮಾನ. ಡಬ್ಬಿಯೊಳಗೆ ಇರುವುದು ಅಂಗೈ ಅಗಲದ ಅಲ್ಯೂಮಿನಿಯಂ ಬ್ಲೋವರ್. ಒಂದು ಪುಟ್ಟ ಮೋಟರ್, ಅದರ ತುದಿಗೆ ಫ್ಯಾನು. ಏರ್ ಫಿಲ್ಟರ್‌ಗೂ ಥ್ರಾಟಲ್‌ಗೂ (ಇಂಜಿನ್‌ಗೆ ಗಾಳಿ ಬಿಡುವ ಬಾಗಿಲು) ನಡುವೆ ಕೂರಿಸಿ, ಎರಡು ವೈರ್ ಬ್ಯಾಟರಿಗೆ ಕೊಟ್ಟರೆ ಆಯಿತು. ಫ್ಯಾನು ತಿರುಗುತ್ತದೆ, ಗಾಳಿ ಇಂಜಿನ್ ಒಳಗೆ ನುಗ್ಗುತ್ತದೆ, ಗಾಡಿ ಹಾರುತ್ತದೆ. ಹಾರುವ ಮಾತು ಜಾಹೀರಾತಿನವರದ್ದು, ನನ್ನದಲ್ಲ.

ಇದನ್ನು ಫೋನಿನಲ್ಲಿ ತೋರಿಸಿದವನು ನನ್ನ ಅಕ್ಕನ ಮಗ. ವಿಜಯಪುರದ ಹುಡುಗ, ಇಲ್ಲಿ ಪುಣೆ ಬಳಿಯ ಚಾಕಣದ ಕಾರ್ಖಾನೆಯಲ್ಲಿ ಕೆಲಸ. 150 ಸಿಸಿ ಬೈಕ್ ಇಟ್ಟುಕೊಂಡಿದ್ದಾನೆ. ಊರಿಗೆ ಹೋಗುವಾಗಲೂ ಅದರಲ್ಲೇ ಹೋಗುವ ಹುಚ್ಚು. “ಮಾಮಾ, ಇದನ್ನ ಹಾಕಿಸಿದ್ರ ಕಾತ್ರಜ್ ಘಾಟಿನ್ಯಾಗ ಟಾಪ್ ಗೇರಿನ್ಯಾಗ ಏರ್ತದಂತ, ಹೌದೇನು?” ಅಂದ. ಭೋಸರಿಯ ಮಷಿನ್ ಶಾಪಿನಲ್ಲಿ ಕೂದಲು ಹಣ್ಣಾಗಿಸಿಕೊಂಡವನು ನಾನು. ಹೌದು, ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳುವ ಅಭ್ಯಾಸ ಹೋಗಿಬಿಟ್ಟಿದೆ. ಕಾಗದ, ಪೆನ್ನು ತಗೊಂಡು ಬಾ ಅಂದೆ.

ಮೊದಲೇ ಒಂದು ಮಾತು. ಇಂಜಿನ್‌ಗೆ ಗಾಳಿ ತುರುಕಿದರೆ ಪವರ್ ಬರುತ್ತದೆ ಅನ್ನುವುದು ಸುಳ್ಳಲ್ಲ. ತುಂಬ ಹಳೆಯ ಸತ್ಯ ಅದು. 1939ರ ಐಲ್ ಆಫ್ ಮ್ಯಾನ್ ಸೀನಿಯರ್ ಟಿಟಿ ಬೈಕ್ ರೇಸ್ ಗೆದ್ದ ಜಾರ್ಜ್ ಮೇಯರ್ ಓಡಿಸಿದ್ದು 500 ಸಿಸಿಯ ಸೂಪರ್‌ಚಾರ್ಜರ್ (ಇಂಜಿನ್ನೇ ತಿರುಗಿಸುವ ಗಾಳಿಯಂತ್ರ) ಇದ್ದ ಬಿಎಂಡಬ್ಲ್ಯು. ಈ ತುರುಕುವಿಕೆ ಎಷ್ಟು ಜೋರಾಯಿತೆಂದರೆ, ಯುದ್ಧ ಮುಗಿದ ಮೇಲೆ 1946ರಲ್ಲಿ ರೇಸಿಂಗ್‌ನಿಂದ ಸೂಪರ್‌ಚಾರ್ಜರನ್ನೇ ನಿಷೇಧಿಸಿದರು. 80ರ ದಶಕದ ಮೊದಲಲ್ಲಿ ಜಪಾನಿನ ನಾಲ್ಕೂ ದೊಡ್ಡ ಕಂಪನಿಗಳು ಟರ್ಬೊ ಬೈಕ್, ಅಂದರೆ ಹೊರಹೋಗುವ ಹೊಗೆಯ ಬಲದಿಂದ ಗಾಳಿ ತುರುಕುವ ಬೈಕ್, ಮಾಡಿದವು. ಹೋಂಡಾ ಸಿಎಕ್ಸ್500 ಟರ್ಬೊ, ಯಮಹಾ ಎಕ್ಸ್‌ಜೆ650 ಟರ್ಬೊ, ಸುಜುಕಿ ಎಕ್ಸ್‌ಎನ್85, ಕವಾಸಾಕಿ ಜಿಪಿಝಡ್750 ಟರ್ಬೊ. ಎಕ್ಸಲೇಟರ್ ತಿರುವಿದ ಮೇಲೆ ಟರ್ಬೊ ಏಳಲು ಒಂದು ಕ್ಷಣ ಬೇಕು; ಎದ್ದಾಗ ಒಮ್ಮೆಲೇ ಏಳುತ್ತದೆ. ತಿರುವಿನಲ್ಲಿ ವಾಲಿಕೊಂಡಿರುವ ಸವಾರನಿಗೆ ಇದು ಬೇಡದ ಉಡುಗೊರೆ. ಭಾರ ಜಾಸ್ತಿ, ಬೆಲೆ ಜಾಸ್ತಿ. ಕೆಲವೇ ವರ್ಷಗಳಲ್ಲಿ ನಾಲ್ವರೂ ಕೈಬಿಟ್ಟರು. ಆಮೇಲೆ ಪಿಜೋ ಕಂಪನಿ 125 ಸಿಸಿ ಸ್ಕೂಟರಿಗೇ ಕಂಪ್ರೆಸರ್ ಕೂರಿಸಿ ಸುಮಾರು 20 ಎಚ್‌ಪಿ ಎಳೆಯಿತು. ಸಣ್ಣ ಇಂಜಿನ್‌ಗೆ ಇದು ಆಗುವುದೇ ಇಲ್ಲ ಅಂತ ಹೇಳುವ ಹಾಗೂ ಇಲ್ಲ.

ಹಾಗಾದರೆ ಅನುಮಾನ ಯಾಕೆ? ಇವರೆಲ್ಲ ಗಾಳಿ ಊದುವ ಶಕ್ತಿಯನ್ನು ಎಲ್ಲಿಂದಲೋ ತಂದಿದ್ದರು. ಕೆಲವರು ಇಂಜಿನ್ನಿನ ತಿರುಗುವ ದಂಡ ಕ್ರ್ಯಾಂಕಿನಿಂದ, ಕೆಲವರು ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯಿಂದ. ಕಮ್ಮಾರನ ಕುಲುಮೆಯಲ್ಲಿ ಬೆಂಕಿ ಧಗಧಗ ಅನ್ನಬೇಕಾದರೆ ತಿದಿ ಒತ್ತುವವನೊಬ್ಬ ಬೆವರು ಸುರಿಸಲೇಬೇಕು. ಈ ಡಬ್ಬಿಯಲ್ಲಿ ಆ ಬೆವರು ಯಾರದ್ದು?

ಲೆಕ್ಕಕ್ಕೆ ಬರೋಣ. 150 ಸಿಸಿ ಇಂಜಿನ್, 8500 ಆರ್‌ಪಿಎಂ. ಫೋರ್ ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೆ ಒಂದು ಸಲ ಉಸಿರು ಎಳೆಯುತ್ತದೆ. ಅಂದರೆ ನಿಮಿಷಕ್ಕೆ 4250 ಉಸಿರು, ಸೆಕೆಂಡಿಗೆ ಸುಮಾರು ಹತ್ತೂವರೆ ಲೀಟರ್ ಗಾಳಿ. ಸಮುದ್ರಮಟ್ಟದಲ್ಲಿ ಒಂದು ಲೀಟರ್ ಗಾಳಿ 1.2 ಗ್ರಾಂ ತೂಗುತ್ತದೆ. ಒಟ್ಟು 12.7 ಗ್ರಾಂ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಹಾಗಾಗಿ ಇಷ್ಟು ಗಾಳಿಯಲ್ಲಿ ಸೆಕೆಂಡಿಗೆ 0.87 ಗ್ರಾಂ ಪೆಟ್ರೋಲ್ ಉರಿಯುತ್ತದೆ. ಒಂದು ಗ್ರಾಂಗೆ 44 ಕಿಲೋಜೂಲ್ ಹಿಡಿದರೆ 38 ಕಿಲೋವ್ಯಾಟ್ ಶಾಖ. ಅದರಲ್ಲಿ ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿ ಕೆಲಸಕ್ಕೆ ಬರುತ್ತದೆ, ಉಳಿದದ್ದು ಫಿನ್ನು, ಸೈಲೆನ್ಸರುಗಳ ಪಾಲು. ಕೊನೆಗೆ ಸಿಗುವುದು ಹತ್ತು ಚಿಲ್ಲರೆ ಕಿಲೋವ್ಯಾಟ್, ಅಂದರೆ 14 ಪಿಎಸ್ (ಹೆಚ್ಚುಕಡಿಮೆ ಎಚ್‌ಪಿ ಇದ್ದಂತೆಯೇ). ಪಲ್ಸರ್ 150ರ ಕಾಗದದಲ್ಲೂ ಅದೇ ಬರೆದಿದೆ: 14 ಪಿಎಸ್, 8500 ಆರ್‌ಪಿಎಂ. ಹುಡುಗ ಇದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಾದ. ಶಾಲೆಯ ಗಣಿತ ತನ್ನ ಗಾಡಿಗೆ ಸರಿಯಾಗಿ ಕೂತದ್ದು ಅವನಿಗೆ ಇಷ್ಟವಾಗಿರಬೇಕು.

ಈಗ ಶೇಕಡ 30 ಜಾಸ್ತಿ ಪವರ್ ಬೇಕು. ಗಾಳಿಯೂ ಅಷ್ಟೇ ಜಾಸ್ತಿ ತೂಗಬೇಕು. ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿಯಾದದ್ದು ಹಿಗ್ಗುತ್ತದೆ. ಅದನ್ನೂ ಹಿಡಿದರೆ ಒತ್ತಡವನ್ನು ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಏರಿಸಬೇಕು. ಒಳ್ಳೆಯ ಕಂಪ್ರೆಸರ್ ಆದರೂ ಈ ಕೆಲಸಕ್ಕೆ ಸುಮಾರು ಒಂಬೈನೂರೈವತ್ತು ವ್ಯಾಟ್ ತಿನ್ನುತ್ತದೆ. ಮೋಟರಿನ ನಷ್ಟ ಸೇರಿಸಿದರೆ ಬ್ಯಾಟರಿಯಿಂದ 1.2 ಕಿಲೋವ್ಯಾಟ್ ಹತ್ತಿರ ಎಳೆಯಬೇಕು. 12 ವೋಲ್ಟ್‌ನಲ್ಲಿ ಅದು 100 ಆಂಪಿಯರ್. ಸೆಲ್ಫ್ ಒತ್ತಿದಾಗ ಹೆಡ್‌ಲೈಟ್ ಮಂಕಾಗುವುದು ನೋಡಿದ್ದೀರಲ್ಲ, ಈ ಎಳೆತ ಅದಕ್ಕಿಂತ ಜೋರು, ಅದೂ ಬಿಡದೆ. ಬೈಕಿನ ಬ್ಯಾಟರಿ 8 ಆಂಪಿಯರ್ ಅವರ್ ಅಂದುಕೊಳ್ಳಿ. ಕಾಗದದ ಮೇಲೆ ಐದು ನಿಮಿಷ. ಇಷ್ಟು ಜೋರಾಗಿ ಎಳೆದರೆ ನಿಜದಲ್ಲಿ ಅದರ ಅರ್ಧವೂ ಸಿಗುವುದಿಲ್ಲ. ಅಷ್ಟರಲ್ಲಿ ಘಾಟ್ ಅರ್ಧಕ್ಕೂ ಬಂದಿರುವುದಿಲ್ಲ.

ಜಾಹೀರಾತಿನ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ, ಆ ಮೋಟರ್ ಎಳೆಯುವ ಕರೆಂಟ್ ಬರೆದಿತ್ತು. 2 ಆಂಪಿಯರ್.

ನಕ್ಕೆ. ಪಾಪ, ಸತ್ಯ ಬರೆದಿದ್ದಾರೆ. 12 ವೋಲ್ಟ್‌ಗೆ 2 ಆಂಪಿಯರ್ ಅಂದರೆ 24 ವ್ಯಾಟ್. ಹಳೆಯ ಇಂಡಿಕೇಟರ್ ಬಲ್ಬ್ ಒಂದೊಂದೂ 10 ವ್ಯಾಟ್. ಅಂಥ ಎರಡು ಬಲ್ಬಿನಷ್ಟು ಶಕ್ತಿ ಹಾಕಿ ನಾಲ್ಕು ಕುದುರೆ ಹೊರತೆಗೆಯುತ್ತೇವೆ ಅನ್ನುತ್ತಾರೆ. ಇಂಥ ಸಣ್ಣ ಬ್ಲೋವರ್ ತಾನು ತಿಂದದ್ದರಲ್ಲಿ ಮೂರನೇ ಒಂದು ಭಾಗವನ್ನು ಗಾಳಿಗೆ ದಾಟಿಸಿದರೆ ಪುಣ್ಯ. ಹಾಗೆ ಹಿಡಿದರೆ ಒತ್ತಡ ಏರುವುದು ಶೇಕಡ 1ಕ್ಕಿಂತ ಕಡಿಮೆ. 14 ಪಿಎಸ್‌ನಲ್ಲಿ ಶೇಕಡ 1 ಎಷ್ಟು? ಎಪ್ಪತ್ತು ಕೆಜಿಯ ಸವಾರ ಊಟಕ್ಕೆ ಮೊದಲು ಹತ್ತಿದನೋ ಆಮೇಲೋ ಅನ್ನುವುದರಲ್ಲಿ ಇದಕ್ಕೆ ಹತ್ತಿರದ ವ್ಯತ್ಯಾಸ ಬರುತ್ತದೆ. ಅದರ ಮೇಲೆ ಆ 24 ವ್ಯಾಟ್ ಕರೆಂಟ್ ಹುಟ್ಟಿಸಲು ಇದೇ ಇಂಜಿನ್ ನಲವತ್ತೈವತ್ತು ವ್ಯಾಟ್ ಖರ್ಚು ಮಾಡಬೇಕು. ಲಾಭದಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಯಿತು. ಇಂಜಿನ್ ಪೂರ್ತಿ ಎಳೆಯುವಾಗ ಬ್ಲೋವರಿನ ರೆಕ್ಕೆಗಳು ದಾರಿಗೆ ಅಡ್ಡ ನಿಂತರೆ ಉಳಿದದ್ದೂ ಹೋಯಿತು.

ಇದಕ್ಕೆ ಎದುರಾಗಿ ಕವಾಸಾಕಿ ನಿಂಜಾ ಎಚ್2 ನೋಡಬೇಕು. 2014ರಲ್ಲಿ ತೋರಿಸಿದ ಗಾಡಿ. 998 ಸಿಸಿ, 200 ಪಿಎಸ್. ಗಾಳಿ ಊದುವ ಚಕ್ರದ ವ್ಯಾಸ 69 ಮಿಲಿಮೀಟರ್, ಅಂದರೆ ನಮ್ಮ ಡಬ್ಬಿಯ ಫ್ಯಾನಿನಷ್ಟೇ. ಆದರೆ ಗೇರುಗಳ ಮೂಲಕ ಕ್ರ್ಯಾಂಕಿಗಿಂತ ಒಂಬತ್ತು ಪಟ್ಟು ಜಾಸ್ತಿ ವೇಗದಲ್ಲಿ ತಿರುಗಿ ನಿಮಿಷಕ್ಕೆ 1,30,000 ಸುತ್ತಿನ ಹತ್ತಿರ ಹೋಗುತ್ತದೆ. ಅದಕ್ಕಾಗಿ ಕಂಪನಿಯ ಗ್ಯಾಸ್ ಟರ್ಬೈನ್ ವಿಭಾಗದವರು ಕೂತು ಕೆಲಸ ಮಾಡಿದರು. ಇಂಜಿನ್ನಿನ ಕಂಪ್ರೆಶನ್ ರೇಶಿಯೊವನ್ನು, ಅಂದರೆ ಪಿಸ್ಟನ್ ಒಳಗಿನ ಗಾಳಿಯನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಅನ್ನುವುದನ್ನು, 8.5ಕ್ಕೆ ಇಳಿಸಿದರು. ಅದೇ ಮನೆಯ, ಊದುಗಾಳಿ ಇಲ್ಲದ ಝಡ್‌ಎಕ್ಸ್-10ಆರ್‌ನಲ್ಲಿ ಅದು 13. ಹೊರಗಿನಿಂದ ಒತ್ತಿ ಕಳಿಸಿದ ಗಾಳಿಯನ್ನು ಪಿಸ್ಟನ್ ಮತ್ತೆ ಅಷ್ಟೇ ಜೋರಾಗಿ ಒತ್ತಿದರೆ ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಸಿಡಿಯುತ್ತದೆ, ಅದಕ್ಕೆ. ಇಂಜಿನ್ ಬಿಚ್ಚದೆ ಅರ್ಧ ಗಂಟೆಯಲ್ಲಿ ಇದೆಲ್ಲ ಆಗುತ್ತದೆಯೇ?

ಪುಣೆಯವರಿಗೆ ಮಾತ್ರ ಹೊಳೆಯುವ ಒಂದು ವಿಷಯ ಇಲ್ಲಿದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಮುಂಬೈಗಿಂತ ಶೇಕಡ 6ರಷ್ಟು ಕಡಿಮೆ. ಅಂದರೆ ನಮ್ಮ ಗಾಡಿಗಳು ಪ್ರತಿ ಉಸಿರಿಗೂ ಅಷ್ಟು ಕಡಿಮೆ ಗಾಳಿ ಕುಡಿಯುತ್ತಿವೆ. ರಜೆಗೆ ಗೋವಾಕ್ಕೆ ಹೊರಟು, ಬೆಳಗಾವಿ ದಾಟಿ ಚೋರ್ಲಾ ಘಾಟ್ ಇಳಿದು ಪಣಜಿ ಮುಟ್ಟಿದರೆ ಆ ಶೇಕಡ 6 ವಾಪಸ್ ಸಿಗುತ್ತದೆ. ಅಲ್ಲಿನ ಸೆಕೆ, ತೇವ ಅದರಲ್ಲಿ ಒಂದಿಷ್ಟು ಕಿತ್ತುಕೊಳ್ಳುತ್ತವೆ, ಇರಲಿ. ಆದರೂ ಆ ಡಬ್ಬಿ ಕೊಡುವುದಕ್ಕಿಂತ ಹಲವು ಪಟ್ಟು ಜಾಸ್ತಿ. ಗೋವಾದಲ್ಲಿ ಇಳಿದು ‘ಅಬ್ಬಾ, ಗಾಡಿ ಎಷ್ಟು ಹಾರ್ತಿದೆ’ ಅಂತ ಉದ್ಗರಿಸಿದವರನ್ನು ನಾನಂತೂ ಕಂಡಿಲ್ಲ. ಶೇಕಡ 6ನ್ನೇ ಗುರುತಿಸದ ನಮ್ಮ ಬೆನ್ನು, ಶೇಕಡ 1ರ ಒಳಗಿನದ್ದನ್ನು ಹೇಗೆ ಗುರುತಿಸುತ್ತದೋ!

ಗಾಳಿ ಎದುರು ಬರುವಾಗ ಅದನ್ನೇ ಹಿಡಿದು ಒಳಗೆ ಕಳಿಸಿದರೆ ಮೋಟರೇ ಬೇಡ ಅಂತಲೂ ಕೆಲವರು ಕೊಳವೆ ಮಾರುತ್ತಾರೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿ ಕೊಡುವ ಒತ್ತಡ ಶೇಕಡ 0.16. 300ರಲ್ಲಿ ಹೋದರೆ ಶೇಕಡ 4. ಸಿಂಹಗಡ ರಸ್ತೆಯಲ್ಲಿ 300ರಲ್ಲಿ ಹೋಗುವವರು ಕೊಳ್ಳಬಹುದು.

ಇನ್ನೊಂದು ಕಡೆಯಿಂದ ನೋಡಿ. ಊರೊಳಗೆ ಓಡಿಸುವಾಗ ನಿಮ್ಮ ಇಂಜಿನ್‌ಗೆ ಗಾಳಿ ಸಾಲುತ್ತಿಲ್ಲವೇ? ಸಾಲುತ್ತಿಲ್ಲ ನಿಜ, ಆದರೆ ಕಡಿಮೆ ಮಾಡಿದವರು ನೀವೇ. ಥ್ರಾಟಲ್ ಇರುವುದೇ ಗಾಳಿಯನ್ನು ತಡೆಯಲು. ಕಾಲುಭಾಗ ಎಕ್ಸಲೇಟರಿನಲ್ಲಿ ಹೋಗುತ್ತಿದ್ದೀರಿ ಅಂದರೆ ಮುಕ್ಕಾಲು ಪಾಲು ಬಾಗಿಲು ಮುಚ್ಚಿದ್ದೀರಿ. ಜಾಸ್ತಿ ಗಾಳಿ ಬೇಕಾದರೆ ಕೈ ಇನ್ನಷ್ಟು ತಿರುವಿದರೆ ಸಾಕು, ಪುಕ್ಕಟೆ. ಮುಚ್ಚಿದ ಬಾಗಿಲ ಹೊರಗೆ ಫ್ಯಾನ್ ಇಟ್ಟು ಏನು ಉಪಯೋಗ? ಡಬ್ಬಿಗೆ ಏನಾದರೂ ಕೆಲಸ ಇದ್ದರೆ ಅದು ಪೂರ್ತಿ ತಿರುವಿದಾಗ ಮಾತ್ರ. ಲೆಕ್ಕ ಸೋಲುವುದೂ ಅಲ್ಲೇ.

ಸರಿ, ಯಾವುದೋ ಪವಾಡದಿಂದ ಗಾಳಿ ನಿಜವಾಗಿಯೂ ಜಾಸ್ತಿ ಹೋಯಿತು ಅನ್ನೋಣ. ಅದರ ಜೊತೆಗೆ ಪೆಟ್ರೋಲ್ ಯಾರು ಕಳಿಸುತ್ತಾರೆ? ಹಳೆಯ ಕಾರ್ಬೋರೇಟರ್ ಗಾಡಿಯಾದರೆ ಮುಂದಿನಿಂದ ಒತ್ತಡ ಕೊಟ್ಟಾಗ ಅದರೊಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು, ಫ್ಲೋಟ್ ಬೌಲ್‌ನಲ್ಲೂ ಅದೇ ಒತ್ತಡ ಇರಬೇಕು. ಇಲ್ಲದಿದ್ದರೆ ಜೆಟ್‌ನಿಂದ ಪೆಟ್ರೋಲ್ ಮೇಲೇಳುವುದೇ ಕಷ್ಟ. ಮಿಶ್ರಣ ತೆಳುವಾಗುತ್ತದೆ, ಹೆಡ್ ಕಾಯುತ್ತದೆ, ಇಂಜಿನ್ ‘ಟಕಟಕ’ ಅಂತ ನಾಕ್ ಹೊಡೆಯುತ್ತದೆ. ಆ ಸದ್ದು ಕೇಳದ ಹಾಗೆ ಓಡಿಸುತ್ತಿದ್ದರೆ ಪಿಸ್ಟನ್ ನೆತ್ತಿಗೆ ತೂತು. 2020ರ ಏಪ್ರಿಲ್‌ನ ನಂತರ ಬಂದ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ ಪೆಟ್ರೋಲ್ ಅಳೆದು ಬಿಡುವ ಪುಟ್ಟ ಕಂಪ್ಯೂಟರ್, ಇಸಿಯು ಇದೆ, ಸೈಲೆನ್ಸರಿನಲ್ಲಿ ಆಕ್ಸಿಜನ್ ಸೆನ್ಸರ್ ಇದೆ. ಸ್ವಲ್ಪ ಹೆಚ್ಚುಕಡಿಮೆಯಾದರೆ ಅದೇ ಸರಿಮಾಡಿಕೊಳ್ಳುತ್ತದೆ. ಆದರೆ ಗಾಳಿ ಜಾಸ್ತಿ ಬಂದರೆ ಅದು ಪೆಟ್ರೋಲನ್ನೂ ಜಾಸ್ತಿ ಸುರಿಯುತ್ತದೆ. ಅಲ್ಲಿಗೆ ಮೈಲೇಜಿನ ಮಾತು ಮುಗಿಯಿತು. ಪವರ್ ಶೇಕಡ 30 ಜಾಸ್ತಿ, ಪೆಟ್ರೋಲ್ ಕಡಿಮೆ ಅನ್ನುವ ಎರಡು ಮಾತು ಒಂದೇ ಸಾಲಿನಲ್ಲಿ ಬಂದರೆ ಸಾಲು ಬರೆದವನಿಗೆ ಇಂಜಿನ್ ಗೊತ್ತಿಲ್ಲ, ಅಥವಾ ಚೆನ್ನಾಗಿಯೇ ಗೊತ್ತು.

ಹಾಕಿಸಿಕೊಂಡವರು ಮಾತ್ರ ಪಿಕಪ್ ಬಂತು ಅಂತ ಆಣೆ ಮಾಡಿ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. ಫಿಟ್ಟಿಂಗ್ ಮಾಡುವ ಹುಡುಗ ಏರ್ ಫಿಲ್ಟರ್ ಹೊರತೆಗೆದಾಗ ಅದರಲ್ಲಿ ಧೂಳಿನ ಗುಡ್ಡೆ. ಜಾಡಿಸುತ್ತಾನೆ, ಇಲ್ಲವೇ ಹೊಸದು ಹಾಕುತ್ತಾನೆ. ಪ್ಲಗ್ ಉಜ್ಜುತ್ತಾನೆ. ಸಡಿಲಾಗಿದ್ದ ಚೈನ್ ಬಿಗಿ ಮಾಡುತ್ತಾನೆ. ಟೈರಿಗೆ ಗಾಳಿ ಹೊಡೆದು ಕಳಿಸುತ್ತಾನೆ. ಸರ್ವಿಸ್ ಮಾಡಿಸಿ ತಿಂಗಳುಗಟ್ಟಲೆ ಆಗಿದ್ದ ಗಾಡಿ ಇಷ್ಟಕ್ಕೇ ಜೀವ ಬಂದಂತೆ ಓಡುತ್ತದೆ. ಮೇಲಿಂದ ಟ್ಯಾಂಕಿನ ಕೆಳಗೆ ‘ಬುಸ್’ ಅನ್ನುವ ಹೊಸ ಸದ್ದು. ಸದ್ದು ಜಾಸ್ತಿಯಾದರೆ ವೇಗ ಜಾಸ್ತಿಯಾಯಿತು ಅಂತ ಕಿವಿ ನಂಬಿಬಿಡುತ್ತದೆ. ಸೈಲೆನ್ಸರ್ ಮಾರುವವರ ಅಂಗಡಿ ನಡೆಯುವುದೂ ಇದರಿಂದಲೇ ಅಲ್ವಾ? ಕೈಯಿಂದ ಹೋದ ದುಡ್ಡು ಬೇರೆ ಒಳಗೊಳಗೇ ಹೇಳುತ್ತಿರುತ್ತದೆ, ಬಂದಿದೆ, ಬಂದಿದೆ ಅಂತ.

ನಾನಾ ಪೇಟೆಯ ಸ್ಪೇರ್ ಪಾರ್ಟ್ಸ್ ಗಲ್ಲಿಗಳಲ್ಲಿ ತಿರುಗಿದವರಿಗೆ ಈ ಡಬ್ಬಿಯ ಅಣ್ಣತಮ್ಮಂದಿರು ಗೊತ್ತಿರುತ್ತಾರೆ. ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಗಾಳಿಯನ್ನು ಸುಳಿಯಂತೆ ತಿರುಗಿಸುವ ತಗಡಿನ ರೆಕ್ಕೆ, ಟ್ಯಾಂಕಿಗೆ ಹಾಕುವ ಮಾತ್ರೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಇಂಥ ನೂರಕ್ಕೂ ಹೆಚ್ಚು ಮೈಲೇಜ್ ಸಾಧನಗಳನ್ನು ಪರಿಶೀಲಿಸಿದೆ. ಹೇಳಿಕೊಳ್ಳುವಂಥ ಉಳಿತಾಯ ಯಾವುದರಲ್ಲೂ ಕಾಣಲಿಲ್ಲ. ಗಾಳಿ ಬಂದಾಗ ತೂರಿಕೊಳ್ಳುವವರು ಎಲ್ಲ ಕಾಲಕ್ಕೂ, ಎಲ್ಲ ದೇಶದಲ್ಲೂ ಇದ್ದಾರೆ.

ನನಗೆ ಸಿಟ್ಟು ಬರುವುದು ಒಂದು ಕಾರಣಕ್ಕೆ. ಅಳತೆ ಮಾಡಿ ತೋರಿಸುವುದು ಪುಣೆಯಲ್ಲಿ ಅಂಥ ಕಷ್ಟದ ಕೆಲಸವಲ್ಲ. 1966ರಲ್ಲಿ ಶುರುವಾದ ಎಆರ್‌ಎಐ, ದೇಶದ ವಾಹನಗಳನ್ನು ಪರೀಕ್ಷಿಸುವ ಸಂಸ್ಥೆ, ಇಲ್ಲೇ ಕೋಥ್ರೂಡ್ ಪಕ್ಕದ ಬೆಟ್ಟದ ಮೇಲಿದೆ. ಬೆಳಗಿನ ವಾಕಿಂಗ್‌ಗೆ ಜನ ಅದೇ ಬೆಟ್ಟ ಹತ್ತುತ್ತಾರೆ. ಬೈಕ್ ಕಂಪನಿಗಳ ಇಂಜಿನಿಯರ್‌ಗಳು ಆಕುರ್ಡಿ, ಚಾಕಣದಲ್ಲಿ ತುಂಬಿ ತುಳುಕುತ್ತಿದ್ದಾರೆ. ಬೈಕನ್ನು ರೋಲರ್ ಮೇಲೆ ನಿಲ್ಲಿಸಿ ಪವರ್ ಅಳೆಯುವ ಡೈನೊ ಖಾಸಗಿಯವರ ಬಳಿಯೂ ಸಿಗುತ್ತದೆ. ಶೇಕಡ 30 ಅಂದರೆ ಡೈನೊ ಕಾಗದದಲ್ಲಿ ಎರಡು ಗೆರೆಗಳ ನಡುವೆ ಬೆರಳು ತೂರಿಸಬಹುದಾದಷ್ಟು ಜಾಗ. ಮುಚ್ಚಿಡಲು ಹೋದರೂ ಕಾಣುತ್ತದೆ. ಇದ್ದಿದ್ದರೆ ಅದನ್ನೇ ಜಾಹೀರಾತಿನ ನಡುವೆ ದೊಡ್ಡದಾಗಿ ಹಾಕುತ್ತಿರಲಿಲ್ಲವೇ? ಅಲ್ಲಿ ಹಾಕಿದ್ದದ್ದು ಬೆಂಕಿ ಉಗುಳುವ ಬೈಕಿನ ಚಿತ್ರ.

ಡೈನೊ ಇಲ್ಲದೆಯೂ ಒಂದು ಪರೀಕ್ಷೆ ಮಾಡಬಹುದು. ಖಾಲಿ, ಸಮತಟ್ಟು ರಸ್ತೆ. ಮೂರನೇ ಗೇರ್. 30ರಿಂದ 60ಕ್ಕೆ ಹೋಗಲು ಎಷ್ಟು ಹೊತ್ತು ಅಂತ ಫೋನಿನಲ್ಲಿ ಅಳೆಯುವುದು. ಹೋಗುವಾಗ, ಬರುವಾಗ ಎರಡೂ ಕಡೆ, ಯಾಕಂದರೆ ಸಮತಟ್ಟು ಅಂತ ಕಾಣುವ ರಸ್ತೆಯೂ ಇಳಿದಿರುತ್ತದೆ, ಗಾಳಿಯೂ ಒಂದು ಕಡೆಯಿಂದ ಬೀಸುತ್ತಿರುತ್ತದೆ. ಫ್ಯಾನಿನ ಸ್ವಿಚ್ ಮಾತ್ರ ಬೇರೆಯವರ ಕೈಯಲ್ಲಿ. ಆನ್ ಇದೆಯೋ ಆಫ್ ಇದೆಯೋ ಓಡಿಸುವವನಿಗೆ ತಿಳಿಯಬಾರದು, ಸದ್ದು ಕೇಳದ ಹಾಗೆ ಕಿವಿಗೆ ಹತ್ತಿ. ಮಾರುವವರು ಇದಕ್ಕೆ ಒಪ್ಪಿದರೆ ನಾನೇ ಸ್ವಿಚ್ ಹಿಡಿದು ಹಿಂದೆ ಕೂರುತ್ತೇನೆ. ನನ್ನ ತೂಕ ಮಾತ್ರ ಎರಡೂ ಸಲ ಲೆಕ್ಕಕ್ಕೆ ಹಿಡಿಯಬೇಕು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಯಾಗಿ ಹೇಳಿತು. ಡಬ್ಬಿ ಕೆಲಸ ಮಾಡದಿದ್ದರೆ ದುಡ್ಡು ದಂಡ, ಮಾಡಿದರೆ ವಾರಂಟಿ, ಇನ್ಶೂರೆನ್ಸ್ ತಕರಾರು.

“ಹಂಗಾದ್ರ ಕರೆಂಟಿಂದ ಗಾಳಿ ಊದೋದು ಆಗೋದೇ ಇಲ್ಲೇನು ಮಾಮಾ?” ಅಂದ ಹುಡುಗ.

ಆಗುತ್ತದೆ. ಇದು ನನಗೆ ಇಡೀ ವಿಷಯದಲ್ಲಿ ತುಂಬ ಖುಷಿ ಕೊಡುವ ಭಾಗ. 2016ರಲ್ಲಿ ಆಡಿ ಎಸ್‌ಕ್ಯೂ7 ಕಾರಿನಲ್ಲಿ ಕರೆಂಟಿನ ಕಂಪ್ರೆಸರ್ ಬಂತು. ಕಾಲು ಸೆಕೆಂಡಿನಲ್ಲಿ 70,000 ಆರ್‌ಪಿಎಂ ಮುಟ್ಟುತ್ತದೆ. ಅದಕ್ಕೆ 7 ಕಿಲೋವ್ಯಾಟ್ ಮೋಟರ್, 48 ವೋಲ್ಟ್‌ನ ಬೇರೆಯೇ ವ್ಯವಸ್ಥೆ. ಟರ್ಬೊ ಏಳುವ ತನಕದ ಆ ಒಂದು ಕ್ಷಣದ ಆಲಸ್ಯ ತುಂಬುವುದಕ್ಕೆ ಅಷ್ಟೇ ಅದು. ಬೈಕಿನಲ್ಲಿ ಈಗ ಹೋಂಡಾ ಕೈಹಾಕಿದೆ. 2024ರ ನವೆಂಬರ್‌ನಲ್ಲಿ ಮಿಲಾನ್‌ನ ಬೈಕ್ ಮೇಳದಲ್ಲಿ ವಿ ಆಕಾರದ ಮೂರು ಸಿಲಿಂಡರ್ ಇಂಜಿನ್ ತೋರಿಸಿತು. ಅದರ ಮೇಲೆ ಕರೆಂಟಿನ ಕಂಪ್ರೆಸರ್. ಇಂಜಿನ್ ಎಷ್ಟು ಆರ್‌ಪಿಎಂನಲ್ಲಿದೆ ಅನ್ನುವುದಕ್ಕೂ ಗಾಳಿ ಎಷ್ಟು ಒತ್ತಬೇಕು ಅನ್ನುವುದಕ್ಕೂ ಸಂಬಂಧ ಇಲ್ಲದ ಹಾಗೆ ನಡೆಸಬಹುದು, ಕೆಳಗಿನ ಆರ್‌ಪಿಎಂನಲ್ಲೇ ಎಳೆತ ಸಿಗುತ್ತದೆ ಅನ್ನುವುದು ಅವರ ಮಾತು. ಮಾರನೇ ವರ್ಷ ಅದಕ್ಕೆ ಗಾಡಿಯ ರೂಪ ಬಂತು. 900 ಸಿಸಿ, ಆದರೆ 1200 ಸಿಸಿಗೆ ಸಮನಾದ ಸಾಮರ್ಥ್ಯ ಅಂದರು. ಲೆಕ್ಕ ಹಾಕಿ. ಮೂರನೇ ಒಂದು ಭಾಗ ಜಾಸ್ತಿ. ನಮ್ಮ ಡಬ್ಬಿಯವರು ಹೇಳುವ ಶೇಕಡ 30 ಕೂಡ ಹೆಚ್ಚುಕಡಿಮೆ ಅಷ್ಟೇ! ಅಷ್ಟನ್ನು ಹಿಡಿಯಲು ಹೋಂಡಾ ಇಂಜಿನನ್ನೇ ಹೊಸದಾಗಿ ಕಟ್ಟಿತು. ಇವರು ಅರ್ಧ ಗಂಟೆ ಕೇಳುತ್ತಾರೆ.

ಕೆಳಗಿನ ಆರ್‌ಪಿಎಂನಲ್ಲಿ ಕರೆಂಟಿನ ಊದುಗಾಳಿಗೆ ಅರ್ಥ ಇದೆ ಅಂತ ನನಗೂ ಅನ್ನಿಸುತ್ತದೆ. 3000 ಆರ್‌ಪಿಎಂನಲ್ಲಿ ನಮ್ಮ 150 ಸಿಸಿ ಇಂಜಿನ್ ಸೆಕೆಂಡಿಗೆ ನಾಲ್ಕು ಲೀಟರಿಗಿಂತ ಕಡಿಮೆ ಗಾಳಿ ಎಳೆಯುತ್ತದೆ. ಓವರ್‌ಟೇಕ್ ಮಾಡುವ ಎರಡು ಮೂರು ಸೆಕೆಂಡಿಗೆ ಮಾತ್ರ ಮುನ್ನೂರು ವ್ಯಾಟ್ ಆಸುಪಾಸು ಕೊಟ್ಟರೆ ಹಿಂದಿನ ಚಕ್ರಕ್ಕೆ ಗೊತ್ತಾಗುವಷ್ಟು ಫರಕು ಬಂದೀತು. ಅದಕ್ಕೆ ತಕ್ಕ ಬ್ಯಾಟರಿ, ಅದಕ್ಕೆ ತಕ್ಕ ಇಸಿಯು ಮ್ಯಾಪ್, ಅದಕ್ಕೆ ತಕ್ಕ ಪಿಸ್ಟನ್ ಬೇಕು. ಯಾರಾದರೂ ಅಂಥದ್ದನ್ನು ಮಾಡಿ, ವ್ಯಾಟ್ ಎಷ್ಟು, ಒತ್ತಡ ಎಷ್ಟು, ಎಷ್ಟು ಸೆಕೆಂಡ್ ಅಂತ ಬರೆದು ಕೊಟ್ಟರೆ ನಾನು ಕೂತು ಓದುತ್ತೇನೆ. ಚಾಕಣದ ಯಾವುದೋ ಸಣ್ಣ ಶೆಡ್ಡಿನಲ್ಲೇ ಹುಟ್ಟಿದರೂ ಸರಿ.

ಹುಡುಗ ಅವತ್ತೇ ಮಾರುವವನಿಗೆ ಫೋನ್ ಮಾಡಿ ಸ್ಪೀಕರಿನಲ್ಲಿಟ್ಟ. ಇಷ್ಟು ದಿನ ಇಲ್ಲಿದ್ದು ಅವನ ಮರಾಠಿ ಚೆನ್ನಾಗಿದೆ. ಡೈನೊ ಕಾಗದ ಇದೆಯಾ ಅಂತ ಕೇಳಿದ. ‘ಕಾಗದ ಯಾಕೆ ದಾದಾ, ಹಾಕಿ ಓಡಿಸಿ ನೋಡಿ, ನಿಮಗೇ ತಿಳಿಯುತ್ತೆ’ ಅಂತ ಉತ್ತರ ಬಂತು. 24 ವ್ಯಾಟ್‌ನಲ್ಲಿ ಒತ್ತಡ ಎಷ್ಟು ಏರುತ್ತೆ ಅಂತ ಕೇಳಿದ. ಟೆಕ್ನಿಕಲ್ ಟೀಮ್ ವಾಪಸ್ ಫೋನ್ ಮಾಡುತ್ತದೆ ಅಂದರು. ಮಾಡಿಲ್ಲ.

ಕಾತ್ರಜ್ ಘಾಟ್ ಏರುವುದಕ್ಕೆ ನಾನು ಹೇಳಿದ ಉಪಾಯ ಅವನಿಗೆ ರುಚಿಸಿಲ್ಲ. ಟಾಪ್ ಗೇರಿನಿಂದ ಒಂದು ಗೇರ್ ಇಳಿಸಿದರೆ ಚಕ್ರಕ್ಕೆ ಹೋಗುವ ಎಳೆತ ಶೇಕಡ 20ರ ಆಸುಪಾಸು ಏರುತ್ತದೆ, ಎರಡು ಇಳಿಸಿದರೆ ಇನ್ನೂ ಜಾಸ್ತಿ, ಕಂಪನಿಯವರೇ ಕೊಟ್ಟದ್ದು, ವೈರಿಂಗ್ ಬೇಡ ಅಂದೆ. “ಗೇರ್ ಇಳಿಸಿ ಏರೋದ್ರಾಗ ಮಜಾ ಎಲ್ಲದ ಮಾಮಾ?” ಅಂತ ನನ್ನನ್ನೇ ಕೇಳಿದ. ಹಿಂದಿನ ಸ್ಪ್ರಾಕೆಟ್ ಎರಡು ಹಲ್ಲು ದೊಡ್ಡದು ಹಾಕಿಸಿದರೆ ಟಾಪ್ ಗೇರಿನಲ್ಲೇ ಏರುತ್ತದಾ, ಟಾಪ್ ಸ್ಪೀಡ್ ಎಷ್ಟು ಹೋಗುತ್ತದೆ ಅಂತ ಈಗ ತಾನೇ ಕಾಗದದ ಮೇಲೆ ಲೆಕ್ಕ ಹಾಕುತ್ತಿದ್ದಾನೆ.